ಅಜ್ಜಿ ಕಟ್ಟಿದ ಕರಿಮಣಿ

ನಮ್ಮ ಮನೆಯಲ್ಲಿ ಹಸುಗೂಸಿಗೆ ಹೆಸರಿಡುವ ದಿನ ಕೈಗೆ ಕರಿಮಣಿ ಕಟ್ಟುವುದು ವಾಡಿಕೆ. ದೃಷ್ಟಿಯಾಗಬಾರದೆಂದು. ನನಗೆ ಕಟ್ಟಿದವರು ಅಜ್ಜಿ. ನನ್ನ ಕೈಗೆ ಬಿಗಿಯಾದ ಮೇಲೆ ಆ ಮಣಿಗಳೇ ತಮ್ಮನ ಕೈಗೆ ಹೋದವು, ಆಮೇಲೆ ತಂಗಿಯ ಕೈಗೆ. ಕೊನೆಗೆ ಅಜ್ಜಿ ಅವನ್ನು ಕುಂಕುಮದ ಹಳೇ ಭರಣಿಯೊಳಗೆ ಹಾಕಿಟ್ಟರು. "ಗಾಜು ಕಣೇ, ಕೈತಪ್ಪಿದರೆ ಒಡೆಯುತ್ತೆ. ಜೋಪಾನ ಮಾಡಿದರೆ ನಮಗಿಂತ ಹೆಚ್ಚು ಕಾಲ ಬಾಳುತ್ತೆ" ಎನ್ನುತ್ತಿದ್ದರು.

ಎಷ್ಟು ಕಾಲ ಎಂದು ತಿಳಿದದ್ದು ಮಕ್ಕಳನ್ನು ಪುದುಚೇರಿಗೆ ಪ್ರವಾಸ ಕರೆದುಕೊಂಡು ಹೋದಾಗ. ಅಲ್ಲಿಯ ವಸ್ತುಸಂಗ್ರಹಾಲಯದ ಒಂದು ಪೆಟ್ಟಿಗೆಯೊಳಗೆ ಸಾಸಿವೆ, ಕೊತ್ತಂಬರಿ ಕಾಳಿನ ಗಾತ್ರದ ಗಾಜಿನ ಮಣಿಗಳಿದ್ದವು. ಕೆಂಪು, ಹಸಿರು, ಹಳದಿ, ನೀಲಿ, ಕಪ್ಪು. ಊರಿನ ಬಳೆಗಾರನ ಅಂಗಡಿಯಲ್ಲಿ ನಿನ್ನೆ ಕೊಂಡಂತೆ ಇದ್ದವು! ಅವು ಹತ್ತಿರದ ಅರಿಕಮೇಡು ಎಂಬಲ್ಲಿ ಸಿಕ್ಕವು. 1945ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ರೋಮ್ ದೇಶದ ಮದ್ಯದ ಜಾಡಿಗಳ ಚೂರುಗಳು ದೊರೆತು, ಎಲ್ಲರ ಗಮನ ಅತ್ತ ಹರಿಯಿತು. ಎರಡು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಮಣಿ ಮಾಡುವವರ ಕೇರಿಯೂ ಇತ್ತು. ಇಂಥ ಮಣಿಗಳು ಹಡಗು ಹತ್ತಿ ಆಫ್ರಿಕದ ಕರಾವಳಿಯಿಂದ ಕೊರಿಯಾ, ಜಪಾನಿನವರೆಗೆ ಹೋಗಿವೆ. ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ ಹರಡಿದ್ದರಿಂದ ಪೀಟರ್ ಫ್ರಾನ್ಸಿಸ್ ಎಂಬ ಅಮೆರಿಕದ ವಿದ್ವಾಂಸರು ಇವುಗಳಿಗೆ 'ಇಂಡೋ-ಪೆಸಿಫಿಕ್ ಮಣಿ' ಎಂದೇ ಹೆಸರಿಟ್ಟರು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಅಗೆದಾಗಲೂ ಗಾಜಿನ ಮಣಿಗಳು ಸಿಕ್ಕಿವೆ.

ಇಷ್ಟು ಸಣ್ಣ ಮಣಿಗೆ ಅವರು ತೂತು ಹೇಗೆ ಕೊರೆದರು? ಮಕ್ಕಳು ಕೇಳಿದ ಪ್ರಶ್ನೆ ಇದು. ಅಂದು ನನಗೂ ಗೊತ್ತಿರಲಿಲ್ಲ. ಊರಿಗೆ ಬಂದು ಓದಿ ತಿಳಿದುಕೊಂಡೆ. ತೂತು ಕೊರೆಯುವುದೇ ಇಲ್ಲ! ತೂತಿನ ಸುತ್ತ ಗಾಜನ್ನು ಎಳೆಯುತ್ತಾರೆ. ತಿರುಪತಿ, ಶ್ರೀಕಾಳಹಸ್ತಿಗಳ ನಡುವಿನ ಪಾಪಾನಾಯುಡುಪೇಟೆಯಲ್ಲಿ ಈ ಹಳೆಯ ವಿಧಾನ ಇಪ್ಪತ್ತನೆಯ ಶತಮಾನದವರೆಗೂ ಉಳಿದು ಬಂದಿದ್ದನ್ನು ವಿದ್ವಾಂಸರು ಕಂಡು ಬರೆದಿಟ್ಟಿದ್ದಾರೆ. 'ಲಾಡಾ' ಎಂಬ ಉದ್ದನೆಯ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಮುದ್ದೆಯಾಗಿ ಸುತ್ತುತ್ತಾರೆ. ಕೊಳವೆಯೊಳಗಿಂದ ಸಲಾಕೆ ತೂರಿಸಿ ಮುದ್ದೆಯಲ್ಲಿ ತೂತು ಮಾಡಿ, ಅದನ್ನು ಕುಲುಮೆಯೊಳಗೆ ಇಡುತ್ತಾರೆ. ಕುಲುಮೆಯ ಆಚೆ ಬದಿಯಲ್ಲಿ ಕುಳಿತ ಹಿರಿಯ ಕೆಲಸಗಾರ ಕೊಕ್ಕೆಯಿಂದ ತುದಿಯನ್ನು ಹಿಡಿದು ಎಳೆಯುತ್ತಾನೆ. ಶಾವಿಗೆಯ ಹಾಗೆ ಸಣ್ಣ ಕೊಳವೆ ಬರುತ್ತದೆ, ನಡುವೆ ತೂತು ತಾನಾಗಿಯೇ ಉಳಿದಿರುತ್ತದೆ. ಆ ಬಿಸಿಯ ಮುಂದೆ ಎರಡು ಮೂರು ತಾಸು ಒಂದೇ ಹದದಲ್ಲಿ ಎಳೆಯಬೇಕು. ಕೈ ಅವಸರಿಸಿದರೆ ಎಳೆ ತೆಳುವಾಗುತ್ತದೆ, ತಡವಾದರೆ ದಪ್ಪವಾಗುತ್ತದೆ.

ಅಲ್ಲಿಂದ ಮುಂದೆ ಹೆಂಗಸರ ಕೆಲಸ. ಎಳೆಗಳನ್ನು ಕೈತುಂಬ ಹಿಡಿದು, ಉಳಿಯ ಅಲಗಿನ ಮೇಲಿಟ್ಟು, ಸಣ್ಣ ಸಣ್ಣದಾಗಿ ಕತ್ತರಿಸುತ್ತಾರೆ. ಚೂರುಗಳ ಅಂಚು ಹರಿತವಾಗಿರುವುದರಿಂದ ಅವನ್ನು ಬೂದಿಯೊಂದಿಗೆ ಬೆರೆಸಿ ಮತ್ತೆ ಕಾಯಿಸಿ ಕಲಕುತ್ತಾರೆ. ಬೂದಿ ತೂತು ಮುಚ್ಚಿಹೋಗದಂತೆ ಕಾಯುತ್ತದೆ, ಬೆಂಕಿ ಅಂಚನ್ನು ದುಂಡಗೆ ಮಾಡುತ್ತದೆ. ಆಮೇಲೆ ಜರಡಿ ಹಿಡಿದು ಗಾತ್ರ ಬೇರೆ ಮಾಡಿ ದಾರಕ್ಕೆ ಪೋಣಿಸುತ್ತಾರೆ. ಅಡುಗೆಮನೆಯ ಬುದ್ಧಿಯೇ ಅಲ್ಲವೇ ಇದು? ಬಣ್ಣದ ಗುಟ್ಟೂ ಹಾಗೆಯೇ. ತಾಮ್ರ ಒಂದೇ, ಕುಲುಮೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಹಸಿರು ನೀಲಿ ಬರುತ್ತದೆ, ಗಾಳಿ ಕಡಿಮೆಯಾದರೆ ಇಟ್ಟಿಗೆಗೆಂಪು.

ನಿಮ್ಮಲ್ಲಿ ಹಳೆಯ ಗಾಜಿನ ಮಣಿಯಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಒಳಗಿನ ಗುಳ್ಳೆಗಳು ತೂತಿನ ಉದ್ದಕ್ಕೆ ಸಾಲಾಗಿದ್ದರೆ ಅದು ಎಳೆದು ಮಾಡಿದ ಮಣಿ. ತೂತಿನ ಸುತ್ತ ಬಳಸಿದ್ದರೆ, ದೀಪದ ಉರಿಯಲ್ಲಿ ಗಾಜಿನ ಕಡ್ಡಿ ಕರಗಿಸಿ ತಂತಿಗೆ ಒಂದೊಂದಾಗಿ ಸುತ್ತಿದ ಮಣಿ. ಈಗ ಪ್ಲಾಸ್ಟಿಕ್ ಕರಿಮಣಿಯೂ ಇದೆ. ಕೆನ್ನೆಗೆ ತಾಗಿಸಿದರೆ ಸಾಕು, ಗಾಜಾದರೆ ತಣ್ಣಗಿರುತ್ತದೆ.

2017ರಲ್ಲಿ ನನ್ನ ಯಜಮಾನರು ತೀರಿಕೊಂಡರು. ಹಿರಿಯರು ಹೇಳಿದಂತೆ ಕೊರಳಿನ ಕರಿಮಣಿ ಸರ ತೆಗೆದಿಟ್ಟೆ. ವಾದ ಮಾಡುವ ಶಕ್ತಿ ಅಂದು ನನ್ನಲ್ಲಿರಲಿಲ್ಲ. ಕ್ಲಾಸಿನಲ್ಲಿ ಪಾಠ ಮಾಡುವಾಗ ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಗಿ ಬರಿದೇ ಹಿಂತಿರುಗುತ್ತಿತ್ತು.

ಕಳೆದ ವರ್ಷ ಮಗಳಿಗೆ ಹೆಣ್ಣು ಮಗುವಾಯಿತು. ನಾಮಕರಣದ ಹಿಂದಿನ ರಾತ್ರಿ ಭರಣಿ ತೆಗೆದು ಅಜ್ಜಿಯ ಮಣಿಗಳನ್ನು ತೊಳೆದು ಹೊಸ ದಾರಕ್ಕೆ ಪೋಣಿಸಿಟ್ಟೆ. ಮಾರನೆಯ ದಿನ ಕಟ್ಟುವ ಹೊತ್ತಿಗೆ ಬಂಧುವೊಬ್ಬರು, "ಯಾರಾದರೂ ಮುತ್ತೈದೆಯರು ಬನ್ನಿ" ಎಂದರು. ನಾನು ಹಿಂದೆ ಸರಿದೆ. ಮಗಳು ಮಗುವಿನ ಕೈ ಹಿಡಿದುಕೊಂಡೇ, "ಅಮ್ಮ, ನೀನೇ ಕಟ್ಟು" ಎಂದಳು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಗ ನನಗೆ ನೆನಪಾಯಿತು. ಭರಣಿಯ ಈ ಮಣಿಗಳನ್ನು ನನಗೆ ಕಟ್ಟಿದಾಗ ಅಜ್ಜಿಗೂ ತಾತ ಇರಲಿಲ್ಲ. ಈ ಕರಿಮಣಿ ನನಗೆ ಮದುವೆಯಿಂದ ಬಂದದ್ದಲ್ಲ, ಹುಟ್ಟಿದಾಗಲೇ ಬಂದದ್ದು. ಯಾವುದೋ ಊರಿನ, ಹೆಸರು ತಿಳಿಯದ ಹೆಂಗಸು ಬೆರಳು ಕೊಯ್ದುಕೊಳ್ಳದಂತೆ ಕತ್ತರಿಸಿ ಕಳಿಸಿದ್ದು. ಅವಳನ್ನು ಮುತ್ತೈದೆಯೋ ಅಲ್ಲವೋ ಎಂದು ಯಾರು ಕೇಳಿದ್ದರು?

ಮುಂದೆ ಬಂದು ಕಟ್ಟಿದೆ. ಗಂಟು ಹಾಕುವಾಗ ಕೈ ಸ್ವಲ್ಪ ನಡುಗಿತು. ಮಗು ಮಾತ್ರ ನಿದ್ದೆ ಮಾಡುತ್ತಿತ್ತು.