ಲೋಕದ ಬೀಗದ ಕೈ ಯಾರ ಬಳಿ?

ನಮ್ಮ ಮಗನೂ ಮೇಲಿನ ಮಹಡಿಯ ಕನ್ನಡ ಕುಟುಂಬದ ಹುಡುಗನೂ ಕೂಡಿ ಎರಡು ವರ್ಷ ಒಂದು ಊರು ಕಟ್ಟಿದರು. ಅದು ‘ಮೈನ್‌ಕ್ರಾಫ್ಟ್’ ಎಂಬ ಗಣಕಯಂತ್ರದ ಆಟದೊಳಗಿನ ಊರು. ಹೊಳೆಗೆ ಸೇತುವೆ, ಗದ್ದೆ, ದನದ ಕೊಟ್ಟಿಗೆ ಎಲ್ಲವೂ ಅದರಲ್ಲಿದ್ದವು. ಸಂಜೆಯಾದರೆ ನಮ್ಮವನು ಹಳೆಯ ಲ್ಯಾಪ್‌ಟಾಪ್ ಹೊತ್ತು ಮೇಲೆ ಹೋಗುವನು. ಗೆಳೆಯ ತನ್ನ ಯಂತ್ರದಲ್ಲಿ ಊರಿನ ಬಾಗಿಲು ತೆರೆದರೆ ಇವನು ಒಳಹೊಗುವನು. ಕಳೆದ ಬೇಸಿಗೆಯಲ್ಲಿ ಆ ಹುಡುಗನ ತಂದೆಗೆ ಹೈದರಾಬಾದಿಗೆ ವರ್ಗವಾಯಿತು. ಸಾಮಾನಿನ ಲಾರಿ ಹೊರಟ ಸಂಜೆ ನಮ್ಮ ಮಗ, “ಅಪ್ಪಾ, ನಮ್ಮ ಊರೂ ಲಾರಿಯಲ್ಲೇ ಹೋಯಿತು” ಎಂದ.

ವರ್ಗಾವಣೆಯ ನೌಕರಿಯಲ್ಲಿರುವ ನಮಗೆ ಮನೆ, ಶಾಲೆ, ನೆರೆಹೊರೆ ಬಿಟ್ಟುಹೋಗುವುದು ಹೊಸದಲ್ಲ. ಆದರೆ ಇಬ್ಬರು ಕಟ್ಟಿದ ಊರು ಒಬ್ಬರ ಗಂಟಿನಲ್ಲಿ ಹೊರಟುಹೋಗುವುದು ಹೊಸದು. ಬಿ.ಎಸ್ಸಿ. ಓದಿ ಕಡತಗಳ ನಡುವೆ ಕುಳಿತ ಗುಮಾಸ್ತರಾದ ನಮಗೆ ಕುತೂಹಲ ಹುಟ್ಟಿತು: ಕೂಡಿ ಆಡುವ ಲೋಕವನ್ನು ಇಡುವುದೆಲ್ಲಿ? ಇಟ್ಟುಕೊಂಡವನು ಇಲ್ಲದಾಗ ಉಳಿದವರ ಗತಿಯೇನು? ವಿಚಾರಿಸಿ ನೋಡಿದರೆ ಈ ಪ್ರಶ್ನೆಗೂ ಸುಮಾರು ಐವತ್ತು ವರ್ಷಗಳ ಇತಿಹಾಸವಿದೆ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ‘ಮಡ್’ ಎಂಬ ಆಟವನ್ನು ಬರೆಯತೊಡಗಿದ. ಅದರಲ್ಲಿ ಚಿತ್ರಗಳಿಲ್ಲ, ಬರಿಯ ಮಾತು. ನೀವು ಗುಹೆಯ ಬಾಯಲ್ಲಿ ನಿಂತಿದ್ದೀರಿ ಎಂದು ಯಂತ್ರ ಹೇಳಿದರೆ, ಆಟಗಾರ ಯಾವ ದಿಕ್ಕಿಗೆ ಹೋಗಬೇಕೆಂದು ಬರೆದು ತಿಳಿಸಬೇಕು. ಅನೇಕರು ಏಕಕಾಲದಲ್ಲಿ ಅದೇ ಗುಹೆಯಲ್ಲಿ ಅಲೆಯಬಹುದಾಗಿತ್ತು. ಲೋಕವಿದ್ದದ್ದು ವಿಶ್ವವಿದ್ಯಾಲಯದ ದೊಡ್ಡ ಪಿಡಿಪಿ-10 ಯಂತ್ರದಲ್ಲಿ. 1980ರಲ್ಲಿ ಟ್ರಬ್‌ಶಾ ಓದು ಮುಗಿಸಿ ಹೊರಟಾಗ ಅದರ ಕಾರ್ಯಭಾರವನ್ನು ಸಹವಿದ್ಯಾರ್ಥಿ ರಿಚರ್ಡ್ ಬಾರ್ಟಲ್ ವಹಿಸಿಕೊಂಡ. ಇಲ್ಲಿ ಗಮನಿಸತಕ್ಕದ್ದೊಂದಿದೆ: ಲೋಕವನ್ನು ಹುಟ್ಟಿಸಿದವನೇ ಹೊರಟುಹೋದ, ಲೋಕ ಮಾತ್ರ ನಿಲ್ಲಲಿಲ್ಲ. ಯಂತ್ರ ಯಾವನೊಬ್ಬನ ಗಂಟೂ ಆಗಿರಲಿಲ್ಲ. ಬೀಗದ ಕೈ ಕೈಯಿಂದ ಕೈಗೆ ದಾಟಿತು.

ಮುಂದೆ ಗಣಕಯಂತ್ರ ಮನೆಮನೆಗೆ ಬಂದಿತು, ಲೋಕವೂ ಮನೆಗೆ ಬಂದಿತು. 1993ರ ಡಿಸೆಂಬರಿನಲ್ಲಿ ಅಮೆರಿಕದಿಂದ ಹೊರಬಂದ ‘ಡೂಮ್’ ಆಟವನ್ನು ನಾಲ್ವರವರೆಗೆ ತಂತಿ ಜೋಡಿಸಿಕೊಂಡು ಆಡಬಹುದಾಗಿತ್ತು. ಅಲ್ಲಿ ಯಜಮಾನನೆಂಬವನೇ ಇಲ್ಲ. ನಾಲ್ಕು ಯಂತ್ರಗಳಲ್ಲಿಯೂ ಇಡೀ ಆಟದ ಒಂದೊಂದು ಪ್ರತಿ. ಯಾರು ಯಾವ ಗುಂಡಿ ಒತ್ತಿದರೆಂಬ ಸುದ್ದಿಯಷ್ಟೇ ತಂತಿಯಲ್ಲಿ ಓಡಾಡುತ್ತಿತ್ತು. ಸಮಾನತೆಯೇನೋ ಸರಿ, ಆದರೆ ಒಬ್ಬನ ಯಂತ್ರ ತಡವರಿಸಿದರೆ ಉಳಿದ ಮೂವರೂ ಕಾಯಬೇಕು. 1996ರಲ್ಲಿ ಅದೇ ಸಂಸ್ಥೆಯವರ ‘ಕ್ವೇಕ್’ ಬೇರೆ ದಾರಿ ಹಿಡಿಯಿತು. ಒಂದು ಯಂತ್ರವೇ ಪ್ರಮಾಣ. ಅದು ಹೇಳಿದ್ದು ನಿಜ, ಉಳಿದವು ಅದನ್ನು ಕೇಳಿ ನಡೆಯಬೇಕು. ಆಟ ಚುರುಕಾಯಿತು, ಯಜಮಾನನೂ ಹುಟ್ಟಿದ. ಅವನು ಯಂತ್ರ ಆರಿಸಿ ಊಟಕ್ಕೆದ್ದರೆ ಎಲ್ಲರ ಆಟವೂ ಮುಗಿಯಿತು. ಕಾರ್ಯದರ್ಶಿ ಊರಿಗೆ ಹೋದರೆ ಪುಸ್ತಕದ ಬೀರು ತೆರೆಯದ ಸಂಘಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮರುವರ್ಷ, 1997ರಲ್ಲಿ, ‘ಅಲ್ಟಿಮಾ ಆನ್‌ಲೈನ್’ ಬಂದಿತು. ಲೋಕ ಕಂಪನಿಯ ಯಂತ್ರಗಳಲ್ಲಿ ಹಗಲಿರುಳು ನಡೆಯುತ್ತಿರುವುದು; ತಿಂಗಳ ಬಾಡಿಗೆ ಕೊಟ್ಟವರು ಯಾವಾಗಲಾದರೂ ಬರಬಹುದು. ಇದು ಸುಖದ ಏರ್ಪಾಡೇ ಸರಿ. ಆದರೆ ಬಾಡಿಗೆಯ ಮನೆಯಲ್ಲಿರುವವರಿಗೆ ಇದರ ಇನ್ನೊಂದು ಮುಖವೂ ಗೊತ್ತು. 1999ರಲ್ಲಿ ತೆರೆದ ‘ಆಶೆರಾನ್ಸ್ ಕಾಲ್’ ಎಂಬ ಇಂತಹುದೇ ಲೋಕವನ್ನು 2017ರ ಜನವರಿ 31ರಂದು ಮುಚ್ಚಿದರು. ಹದಿನೇಳು ವರ್ಷ ಬಾಳಿದ ಲೋಕಕ್ಕೆ ಬೀಗ ಬಿತ್ತು.

ಸ್ವೀಡನ್ನಿನ ಮಾರ್ಕಸ್ ಪರ್ಸನ್ ‘ಮೈನ್‌ಕ್ರಾಫ್ಟ್’ ಆಟವನ್ನು 2009ರಲ್ಲಿ ಮೊದಲು ಹೊರತಂದ. ಇದರಲ್ಲಿ ಮೇಲಿನ ದಾರಿಗಳು ಮತ್ತೆ ಎದುರಾಗುತ್ತವೆ. 2012ರಿಂದ, ಒಬ್ಬನೇ ಆಡುವಾಗಲೂ ಅವನ ಯಂತ್ರದೊಳಗೆ ಒಂದು ಪುಟ್ಟ ಯಜಮಾನ ಯಂತ್ರ ನಡೆಯುತ್ತಿರುತ್ತದೆ. ಮನೆಯ ಜಾಲದಲ್ಲಿರುವ ಗೆಳೆಯರಿಗೆ ಅದರ ಬಾಗಿಲು ತೆರೆಯಬಹುದು. ಬೇಡವಾದರೆ ಬೇರೊಂದು ಯಂತ್ರವನ್ನು ಸದಾ ನಡೆಸುತ್ತಿರಬಹುದು. ಅಥವಾ 2013ರ ಕೊನೆಗೆ ಸ್ವೀಡನ್ನಿನಲ್ಲಿ ಆರಂಭವಾದ ‘ರೆಲ್ಮ್ಸ್’ ಸೇವೆಗೆ ತಿಂಗಳ ಶುಲ್ಕ ತೆರಬಹುದು. ಆಗ ಒಡೆಯನಿಲ್ಲದಿದ್ದರೂ ಅವನು ಕರೆದ ಗೆಳೆಯರು ಒಳಹೋಗಬಲ್ಲರು. ಇದಾವುದೂ ಇಲ್ಲದವರಿಗೆ ಉಳಿಯುವುದು ಲೋಕದ ಕಡತವನ್ನೇ ನಕಲು ಮಾಡಿ ಗೆಳೆಯನಿಗೆ ಕಳಿಸುವುದು.

ನಮ್ಮ ಹುಡುಗರು ಮಾಡಿದ್ದು ಇದನ್ನೇ. ಹೈದರಾಬಾದಿನಿಂದ ವಾರದೊಳಗೆ ಊರಿನ ನಕಲು ಬಂದಿತು, ನಮ್ಮ ಮಗನ ಮುಖ ಅರಳಿತು. ಮುಂದಿನ ತಿಂಗಳಲ್ಲಿ ಇವನು ಹೊಳೆಯಾಚೆ ಒಂದು ಶಾಲೆ ಕಟ್ಟಿದ. ಅದೇ ಜಾಗದಲ್ಲಿ ಅವನು ತನ್ನ ಪ್ರತಿಯಲ್ಲಿ ಕೆರೆ ತೋಡಿದ. ಒಂದು ಊರು ಎರಡಾಗಿತ್ತು. ಎರಡನ್ನೂ ಹೊಲಿದು ಒಂದು ಮಾಡುವ ವ್ಯವಸ್ಥೆ ಆ ಆಟದಲ್ಲಿಲ್ಲ. ಆ ಆಟದ ಬೆಟ್ಟ ಹೊಳೆಗಳು ‘ಬೀಜ’ ಎಂಬ ಒಂದು ಸಂಖ್ಯೆಯಿಂದ ಹುಟ್ಟುತ್ತವೆ; ಅದೇ ಸಂಖ್ಯೆ ಕೊಟ್ಟರೆ ಆಟದ ಅದೇ ಆವೃತ್ತಿಯಲ್ಲಿ ಅದೇ ಬೆಟ್ಟ ಮತ್ತೆ ಏಳುತ್ತದೆ. ಆದರೆ ಕೈಯಿಂದ ಕಟ್ಟಿದ್ದು ಬೀಜದಲ್ಲಿಲ್ಲ, ಕಡತದಲ್ಲಿ ಮಾತ್ರ ಇದೆ. ಶಾಲೆ ಉಳಿಯಬೇಕೋ ಕೆರೆ ಉಳಿಯಬೇಕೋ ಎಂದು ದೂರವಾಣಿಯಲ್ಲಿ ಜಗಳವಾಗಿ, ಹದಿನೈದು ದಿನ ಮಾತೇ ನಿಂತಿತು.

ಆಗ ನಾವು ಬಾಯಿ ಹಾಕಿದೆವು. ನಮಗೆ ಆಟ ತಿಳಿಯದು, ಆದರೆ ಕಡತ ತಿಳಿಯುತ್ತದೆ. ಕಚೇರಿಯಲ್ಲಿ ಒಂದು ಕಡತದ ಮೇಲೆ ಇಬ್ಬರು ಬೇರೆಬೇರೆ ಟಿಪ್ಪಣಿ ಬರೆದರೆ ಆಗುವ ಗೋಳು ನಮಗೆ ಹೊಸದೇ? ಆದಕಾರಣ ರಜೆಗೆ ಹೋಗುವಾಗ ಚಾರ್ಜ್ ವಹಿಸಿ ಸಹಿ ಮಾಡುತ್ತೇವೆ. ಅದೇ ನಿಯಮವನ್ನು ಹುಡುಗರಿಗೆ ಹೇಳಿದೆವು: ಜೀವಂತ ಪ್ರತಿ ಒಂದೇ ಇರಲಿ. ಆಡಿದವನು ತಾರೀಖು ಬರೆದು ಕಳಿಸಲಿ. ಅದು ತಿರುಗಿ ಬರುವವರೆಗೆ ತನ್ನಲ್ಲಿರುವುದನ್ನು ಮುಟ್ಟದಿರಲಿ. ಮುಂಚಿನ ಪ್ರತಿಯೊಂದನ್ನು ಆಪತ್ತಿಗೆಂದು ಬೇರೆ ಕಡೆ ಇಟ್ಟಿರಲಿ.

ಶಾಲೆಯೋ ಕೆರೆಯೋ ಎಂಬುದನ್ನು ನಾವು ತೀರ್ಮಾನಿಸಲಿಲ್ಲ. ಹೈದರಾಬಾದಿನ ಹುಡುಗನೇ ತನ್ನ ಕೆರೆಯನ್ನು ಬಿಟ್ಟುಕೊಟ್ಟ. ಈಗ ಕೂಡಿ ಆಡುವ ಭಾಗ್ಯ ಅವರಿಗಿಲ್ಲ, ಸರದಿಯ ಆಟ. ಒಬ್ಬನು ಕಟ್ಟಿದ್ದನ್ನು ಇನ್ನೊಬ್ಬನು ಕಾಗದ ಬಿಚ್ಚಿ ಓದುವಂತೆ ನೋಡುತ್ತಾನೆ. ಮೊನ್ನೆ ಭಾನುವಾರ ನಮ್ಮ ಮಗ ಬಾಗಿಲು ತೆರೆದಾಗ ಶಾಲೆಯ ಹಿಂದೆ ಒಂದು ಪುಟ್ಟ ಕೆರೆ, ಅದರ ಏರಿಯ ಮೇಲೆ ದೀಪ. ಅವನು ನಮ್ಮನ್ನು ಕರೆದು ತೋರಿಸಿದ. ಆಟ ತಿಳಿಯದ ನಾವೂ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದೆವು.