ಲಾರಿ ಹತ್ತುವ ರೈಲು

ಸುರತ್ಕಲ್ ನಿಲ್ದಾಣದಲ್ಲಿ ಸರಕು ತುಂಬಿದ ಲಾರಿಗಳು ಸಾಲಾಗಿ ರೈಲಿನ ಬೆನ್ನೇರಿ ಮಹಾರಾಷ್ಟ್ರದ ಕೋಲಾಡಿನತ್ತ ಹೊರಡುವ ನೋಟ ಮಂಗಳೂರಿನವರಿಗೆ ಹೊಸದೇನಲ್ಲ. ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿದ ಈ 'ರೋ-ರೋ' ಸೇವೆ ಕೆಲವು ವರ್ಷಗಳ ಬಳಿಕ ಸುರತ್ಕಲ್ಲಿಗೂ ಬಂತು. ಇದಕ್ಕೆ ತೀರ ತಿರುಗುಮುರುಗಾದ ಇನ್ನೊಂದು ಸಾಗಾಟ ಲೋಕದಲ್ಲಿ ನಡೆಯುತ್ತದೆ. ಅಲ್ಲಿ ರೈಲೇ ಲಾರಿ ಹತ್ತುತ್ತದೆ. ಎಂಜಿನು, ಡಬ್ಬಿ ಮಾತ್ರವಲ್ಲ, ಹಳಿ, ಸಿಗ್ನಲ್ಲು, ನಿಲ್ದಾಣ, ಸೇತುವೆ, ಗುಡ್ಡ, ಗುಡ್ಡದ ಮೇಲಿನ ಮರ, ಮರದಡಿಯ ಗೂಡಂಗಡಿ ಎಲ್ಲವೂ ತುಂಡು ತುಂಡಾಗಿ ಪೆಟ್ಟಿಗೆ ಸೇರಿ ಇನ್ನೊಂದೂರಿನ ಸಭಾಭವನದಲ್ಲಿ ಮತ್ತೆ ಒಂದಾಗುತ್ತವೆ. ಮಾದರಿ ರೈಲುಗಳ ಹವ್ಯಾಸಿಗಳು ಇಂಥ ಇಡೀ ಏರ್ಪಾಟನ್ನು 'ಲೇಔಟ್' ಎನ್ನುತ್ತಾರೆ. ನಮ್ಮಲ್ಲಿ ಆ ಮಾತು ಕೇಳಿದರೆ ಸೈಟು ನೆನಪಾಗುವುದು ಬೇರೆ ಮಾತು.

ಮಾದರಿ ರೈಲು ಹುಟ್ಟಿದ್ದೇ ಜಾತ್ರೆಗಾಗಿ ಎನ್ನಬಹುದು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ನಗರದ ವಸಂತಮೇಳದಲ್ಲಿ ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ಹಳಿಯ ಮೇಲೆ ಆಟಿಕೆ ರೈಲನ್ನು ಓಡಿಸಿ ತೋರಿಸಿತು. ಅದಕ್ಕೂ ಮುಂಚೆ ಆಟಿಕೆ ರೈಲುಗಳಿರಲಿಲ್ಲವೆಂದಲ್ಲ. ಆದರೆ ಗೊತ್ತುಪಡಿಸಿದ ಅಗಲದ, ತುಂಡು ತುಂಡಾಗಿ ಕೊಂಡು ಜೋಡಿಸಿ ಬೆಳೆಸಬಹುದಾದ ಹಳಿ ಬಂದದ್ದು ಆಗ. ಮೇಳ ಮುಗಿದ ಮೇಲೆ ಹಳಿಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದರಾಯಿತು, ಸಾಗಾಟವೊಂದು ಸಮಸ್ಯೆಯೇ ಆಗಿರಲಿಲ್ಲ. 1910ರಲ್ಲಿ ಲಂಡನ್ನಿನಲ್ಲಿ ದೊಡ್ಡವರೇ ಸೇರಿ ಮಾದರಿ ರೈಲಿನ ಸಂಘವೊಂದನ್ನು ಕಟ್ಟಿಕೊಂಡರು. ಈಸ್ಟರ್ ಹಬ್ಬದ ಹೊತ್ತಿಗೆ ಅವರು ನಡೆಸುತ್ತಿದ್ದ ಪ್ರದರ್ಶನ ಮುಂದೆ ಹೆಸರಾಯಿತು. 1920ರಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ತನ್ನ ಹೆಸರಿನ ರೈಲುಗಳನ್ನು ಮಾರುಕಟ್ಟೆಗೆ ತಂದ. ಮೆಕ್ಯಾನೊ ಎಂಬ ಜೋಡಣೆಯ ಆಟಿಕೆಯನ್ನು ಮಾಡಿದವನೂ ಇವನೇ.

ತೊಡಕು ಶುರುವಾದದ್ದು ರೈಲಿನಿಂದಲ್ಲ, ಊರಿನಿಂದ. 1930ರ ದಶಕದ ಕೊನೆಯಲ್ಲಿ ಜಾನ್ ಅಹರ್ನ್ ಎಂಬಾತ 'ಮ್ಯಾಡರ್ ವ್ಯಾಲಿ' ಎಂಬ ಕಾಲ್ಪನಿಕ ಕಣಿವೆಯನ್ನೇ ಕಟ್ಟತೊಡಗಿದ. ಹಳಿಯ ಪಕ್ಕದ ಹಳ್ಳಿ, ಬಂದರು, ಮಾಸಿದ ಗೋಡೆ, ಕೆಸರು ಹತ್ತಿದ ವ್ಯಾಗನ್ನು ಇವೆಲ್ಲ ರೈಲಿನಷ್ಟೇ ಮುಖ್ಯವೆಂದು ತೋರಿಸಿಕೊಟ್ಟ. ಅಲ್ಲಿಂದ ಮುಂದೆ ಬರಿಯ ಮೇಜಿನ ಮೇಲೆ ಓಡುವ ರೈಲು ನೋಡುಗರಿಗೆ ಸಪ್ಪೆಯಾಯಿತು. ಆದರೆ ಗುಡ್ಡ ಅಂಟಿಸಿದ ಹಲಗೆಯನ್ನು ಬಿಚ್ಚಿ ಪೆಟ್ಟಿಗೆಗೆ ಹಾಕುವುದು ಹೇಗೆ?

ಯಕ್ಷಗಾನದ ನಾಡಿನವರಿಗೆ ಈ ಪ್ರಶ್ನೆಯ ಬಿಸಿ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಮೇಳದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆಯುತ್ತಿದ್ದರು. ಟೆಂಟಿನ ಮೇಳಗಳು ಬಂದ ಮೇಲೆ ರಂಗಸ್ಥಳವೇ ಲಾರಿ ಹತ್ತಿತು. ಬೆಳಗಿನ ಜಾವ ಮಂಗಳ ಹಾಡಿದ ಆಟ ಅದೇ ದಿನ ರಾತ್ರಿ ಇನ್ನೊಂದೂರಿನ ಗದ್ದೆಯಲ್ಲಿ ಚೆಂಡೆ ಬಾರಿಸಬೇಕು. ಕಿರೀಟ, ಭುಜಕೀರ್ತಿ, ಎದೆಕಟ್ಟು ಯಾವುದರಲ್ಲೂ ಒಂದು ಮಣಿ ಉದುರಕೂಡದು. ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ ಇದೇ ಪಾಡು. ಲೇಔಟಿನವರ ಕಷ್ಟವೂ ಇದೇ ಜಾತಿಯದು, ವ್ಯತ್ಯಾಸವಿರುವುದು ಅಳತೆಯಲ್ಲಿ. ರಂಗಸ್ಥಳದ ಕಂಬ ಅರ್ಧ ಇಂಚು ಆಚೀಚೆಯಾದರೆ ಭಾಗವತರ ಪದ್ಯ ನಿಲ್ಲುವುದಿಲ್ಲ. ಇಲ್ಲಿ ಎರಡು ಹಲಗೆಗಳ ನಡುವೆ ಹಳಿ ಅರ್ಧ ಮಿಲಿಮೀಟರ್ ಜರುಗಿದರೆ ರೈಲು ಬೀಳುತ್ತದೆ.

ಆದ್ದರಿಂದ ಪ್ರದರ್ಶನದ ಲೇಔಟಿನ ಕಥೆಯೆಂದರೆ ಬಹುಮಟ್ಟಿಗೆ ಸಂದಿಗಳ ಕಥೆ. ಸಾಮಾನ್ಯವಾಗಿ ಒಂದೊಂದು ಹಲಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಇಬ್ಬರು ಎತ್ತಿಕೊಂಡು ಬಾಗಿಲು ದಾಟಬೇಕು, ಮೆಟ್ಟಿಲ ತಿರುವಿನಲ್ಲಿ ತಿರುಗಬೇಕು ಎಂಬುದೇ ಈ ಅಳತೆಗೆ ಆಧಾರ. ಹಲಗೆ ಎಂದರೆ ಬರಿಯ ಮಣೆಯಲ್ಲ, ಕೆಳಗೆ ಪ್ಲೈವುಡ್ಡಿನ ಪಟ್ಟಿಗಳ ಚೌಕಟ್ಟು ಇರುತ್ತದೆ. ಹೊಸಬರು ಎರಡು ಹಲಗೆಗಳನ್ನು ಬೋಲ್ಟಿನಿಂದ ಬಿಗಿದರೆ ಸಾಕೆಂದುಕೊಳ್ಳುತ್ತಾರೆ. ಸಾಲದು. ಬೋಲ್ಟಿಗಾಗಿ ಕೊರೆದ ತೂತು ಬೋಲ್ಟಿಗಿಂತ ತುಸು ದೊಡ್ಡದಿರುವುದರಿಂದ ಪ್ರತಿ ಸಲ ಬಿಗಿದಾಗಲೂ ಹಲಗೆ ಹೊಸ ಜಾಗದಲ್ಲಿ ಕೂರುತ್ತದೆ. ಅದಕ್ಕೆಂದು ಒಂದು ಹಲಗೆಯ ತುದಿಗೆ ಹಿತ್ತಾಳೆಯ ಗೂಟವನ್ನೂ ಇನ್ನೊಂದರ ತುದಿಗೆ ಆ ಗೂಟ ಬಿಗಿಯಾಗಿ ಕೂರುವ ಹಿತ್ತಾಳೆಯ ಕುಳಿಯನ್ನೂ ಕೂರಿಸುತ್ತಾರೆ. ಎರಕದ ಕಾರ್ಖಾನೆಗಳಲ್ಲಿ ಅಚ್ಚಿನ ಎರಡು ಹೋಳುಗಳನ್ನು ಒಂದೇ ಜಾಗಕ್ಕೆ ತಂದು ನಿಲ್ಲಿಸಲು ಬಳಸುತ್ತಿದ್ದ ಉಪಾಯ ಇದು. ಗೂಟದ ಕೆಲಸ ಜಾಗ ಹಿಡಿಯುವುದು, ಬೋಲ್ಟಿನ ಕೆಲಸ ಹಿಡಿದ ಜಾಗವನ್ನು ಬಿಡದಿರುವುದು.

ಹಳಿಯ ವಿಷಯದಲ್ಲೂ ಕ್ರಮವಿದೆ. ಮೊದಲು ಹಲಗೆಗಳನ್ನು ಬಿಗಿದು ಹಳಿಯನ್ನು ಸಂದಿಯ ಮೇಲೆ ಅಖಂಡವಾಗಿ ಹಾಸಬೇಕು. ಸಂದಿಯ ಎರಡೂ ಪಕ್ಕ ಹಿತ್ತಾಳೆಯ ಸ್ಕ್ರೂ ಕೂರಿಸಿ, ಅದರ ತಲೆಗೆ ಹಳಿಯನ್ನು ಬೆಸುಗೆ ಹಾಕಬೇಕು. ಕೊಯ್ಯುವುದು ಆಮೇಲೆ. ಸಾಗಿಸುವಾಗ ಎಲ್ಲಕ್ಕಿಂತ ಮೊದಲು ಏಟು ತಿನ್ನುವುದು ಈ ಹಳಿಯ ತುದಿಗಳೇ. ಒಬ್ಬರ ಅಂಗಿಯ ತೋಳು ಸಿಕ್ಕಿಕೊಂಡರೆ ಸಾಕು, ಎರಡು ತಿಂಗಳ ಕೆಲಸ ಕಿತ್ತು ಬಂತು.

ಇನ್ನು ಕಟ್ಟುವ ವಿಧಾನ. ಎರಡು ಹಲಗೆಗಳನ್ನು ಮುಖಕ್ಕೆ ಮುಖ ಕೊಟ್ಟು, ಗುಡ್ಡಕ್ಕಿಂತ ಎತ್ತರದ ಅಡ್ಡಹಲಗೆಗಳನ್ನು ಎರಡು ತುದಿಗೂ ಬಿಗಿದರೆ ಅದೇ ಒಂದು ಪೆಟ್ಟಿಗೆಯಾಗುತ್ತದೆ. ಊರು ಒಳಗೆ, ಹಲಗೆಯ ಬೆನ್ನು ಹೊರಗೆ. ಎಂಜಿನು, ಡಬ್ಬಿಗಳು ಹಲಗೆಯ ಮೇಲೆ ಪ್ರಯಾಣ ಮಾಡುವುದಿಲ್ಲ, ಸ್ಪಂಜು ಹಾಸಿದ ಬೇರೆ ಪೆಟ್ಟಿಗೆಯಲ್ಲಿ ಹೋಗುತ್ತವೆ. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದಂದಿನಿಂದ ಒಡೆಯುವ ಸಾಮಾನನ್ನು ದೂರ ಸಾಗಿಸುವುದರಲ್ಲಿ ಮಂಗಳೂರು ಪಳಗಿದ ಊರು. ಹಂಚನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಪೇರಿಸುವುದು, ನಡುವೆ ಹುಲ್ಲು ತುರುಕುವುದು ಇಲ್ಲಿಯ ಹಮಾಲಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

1950ರ ದಶಕದ ಇಂಗ್ಲೆಂಡಿನಲ್ಲಿ ಈ ವಿದ್ಯೆ ಚೆನ್ನಾಗಿ ಬೆಳೆಯಿತು. ಸಿರಿಲ್ ಫ್ರೀಜರ್ ಎಂಬ ಸಂಪಾದಕ 1957ರಲ್ಲಿ 'ಮಿನೊರೀಸ್' ಎಂಬ ನಕ್ಷೆಯನ್ನು ಪ್ರಕಟಿಸಿದ. ನಗರದ ಕೊನೆಯ ನಿಲ್ದಾಣವೊಂದನ್ನು ಎರಡು ಸಣ್ಣ ಹಲಗೆಗಳ ಮೇಲೆ ಹೂಡಿ, ನಡುವೆ ಕೀಲು ಹಾಕಿ, ಪುಸ್ತಕದಂತೆ ಮಡಚುವ ನಕ್ಷೆ ಅದು. ಪೀಟರ್ ಡೆನ್ನಿ ಎಂಬ ಪಾದ್ರಿಯದು ಇನ್ನೂ ಸ್ವಾರಸ್ಯದ ಕಥೆ. 1940ರ ದಶಕದಲ್ಲಿ ಈತ ಆರಂಭಿಸಿದ 'ಬಕಿಂಗ್‌ಹ್ಯಾಂ' ಲೇಔಟು ಮನೆ ಬದಲಾದಂತೆ ಬದಲಾಗುತ್ತ, ಬೆಳೆಯುತ್ತ ಹೋಯಿತು. ಇನ್ನೊಂದು ನಿಲ್ದಾಣವನ್ನು ನೋಡಿಕೊಳ್ಳಲು ಮಗ ಕ್ರಿಸ್ಪಿನ್ ಸಿಗದ ದಿನಗಳಿಗಾಗಿ ಡೆನ್ನಿ ಒಂದು ಯಂತ್ರವನ್ನೇ ಮಾಡಿ ಅದಕ್ಕೆ 'ಆಟೊಮ್ಯಾಟಿಕ್ ಕ್ರಿಸ್ಪಿನ್' ಎಂದು ಹೆಸರಿಟ್ಟ. ಈ ಹವ್ಯಾಸದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇದು. ಕಂಪ್ಯೂಟರು ಮನೆಗೆ ಬರುವುದಕ್ಕೆ ಎಷ್ಟೋ ಮೊದಲಿನ ಮಾತು.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಲಗೆಯ ತುದಿಯ ಅಳತೆಯೊಂದನ್ನು ಎಲ್ಲರೂ ಒಪ್ಪಿಕೊಂಡರೆ, ಯಾರ ಹಲಗೆಯನ್ನಾದರೂ ಯಾರ ಹಲಗೆಗಾದರೂ ಜೋಡಿಸಬಹುದಲ್ಲವೇ? ಹೀಗೆ ಒಬ್ಬೊಬ್ಬರು ಒಂದೊಂದು ತುಂಡನ್ನು ಮನೆಯಲ್ಲಿ ಮಾಡಿ, ಪ್ರದರ್ಶನದ ದಿನ ಎಲ್ಲವನ್ನೂ ಸೇರಿಸಿ ಉದ್ದನೆಯ ದಾರಿ ಮಾಡುವ ಪದ್ಧತಿ ಬಂತು. ಜರ್ಮನಿಯಲ್ಲಿ 1981ರಿಂದ ಇಂಥದೇ ಕೂಟವೊಂದು ನಡೆದುಬಂದಿದೆ.

ನಮ್ಮ ದೇಶದಲ್ಲಿ ಇದರ ನಂಟು ಬೇರೆ ದಾರಿಯಲ್ಲಿ ಬಂತು. ರೈಲ್ವೆಯ ತರಬೇತಿ ಶಾಲೆಗಳಲ್ಲಿ ಸ್ಟೇಷನ್ ಮಾಸ್ತರರಿಗೆ ಸಿಗ್ನಲ್ಲಿನ ಪಾಠ ಹೇಳಲು ಮಾದರಿ ಕೋಣೆಗಳಿರುತ್ತವೆ. ಅವು ಊರು ಸುತ್ತುವಂಥವಲ್ಲ. ಊರು ಸುತ್ತಿದ್ದು ವಿಜ್ಞಾನ. 1965ರಲ್ಲಿ ಕಲ್ಕತ್ತದಲ್ಲಿ ಆರಂಭವಾದ ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸು, ಮುಂದೆ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮೂಲಕ ನಮ್ಮ ಹಳ್ಳಿಯ ಶಾಲೆಗಳ ಅಂಗಳಕ್ಕೂ ಬಂತು. ಮಾದರಿ ರೈಲಿನ ಮಟ್ಟಿಗೆ ಹೇಳಬೇಕಾದ ಹೆಸರು ಪುಣೆಯ ಬಿ.ಎಸ್. ಜೋಶಿಯವರದು. ಅವರು ಮೊದಲು ಬಿಚ್ಚಿ ಜೋಡಿಸುವ ಲೇಔಟನ್ನು ಮಾಡಿ ಪ್ರದರ್ಶನಗಳಿಗೆ ಒಯ್ಯುತ್ತಿದ್ದರು. ಕಟ್ಟುವ, ಬಿಚ್ಚುವ ತೊಂದರೆ ಸಾಕೆನಿಸಿ, ಕೊನೆಗೆ ನೋಡುಗರೇ ಬರಲೆಂದು 1998ರಲ್ಲಿ ಪುಣೆಯ ಕೊಥರೂಡಿನಲ್ಲಿ ಕಾಯಂ ಸಂಗ್ರಹಾಲಯವನ್ನೇ ತೆರೆದರು. ಅದು ವಿವೇಕದ ತೀರ್ಮಾನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪುಣೆಗೆ ಹೋಗಲಾರದ ಮಗು ಅದನ್ನು ನೋಡಲಾರದು.

ಈಗ ಮಂಗಳೂರಿನವರೊಬ್ಬರು ತಮ್ಮ ಊರಿನ ರೈಲನ್ನು ಮಾದರಿಯಲ್ಲಿ ಕಟ್ಟಹೊರಟರೆಂದು ಇಟ್ಟುಕೊಳ್ಳೋಣ. ಕಟ್ಟಲು ಇಲ್ಲಿ ಬೇಕಾದಷ್ಟಿದೆ. 1907ರಲ್ಲಿ ನೇತ್ರಾವತಿಯನ್ನು ದಾಟಿ ಬಂದ ಬ್ರಾಡ್‌ಗೇಜ್, 1979ರಲ್ಲಿ ಹಾಸನದಿಂದ ಘಟ್ಟ ಇಳಿದು ಬಂದ ಮೀಟರ್‌ಗೇಜ್, 1990ರ ದಶಕದಲ್ಲಿ ಉತ್ತರದಿಂದ ಬಂದ ಕೊಂಕಣ ರೈಲ್ವೆ. ಇವುಗಳಲ್ಲಿ ಮೀಟರ್‌ಗೇಜಿನ ಆಯುಷ್ಯ ಬಲು ಕಿರಿದು. ಹಳಿ ಅಗಲಗೊಳಿಸಲೆಂದು 1996ರಲ್ಲಿ ಸಂಚಾರ ನಿಂತಿತು. ಮತ್ತೆ ಸರಕಿನ ಗಾಡಿ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ, ಅದೂ ಬ್ರಾಡ್‌ಗೇಜಿನ ಮೇಲೆ. ಹದಿನೇಳು ವರ್ಷ ಘಟ್ಟದಲ್ಲಿ ಕೂಗಿದ ಆ ಪುಟ್ಟ ರೈಲನ್ನು ಹತ್ತಿದವರಿಗೆ ಈಗ ತಲೆ ನರೆತಿದೆ, ಅವರ ಮೊಮ್ಮಕ್ಕಳಿಗೆ ತೋರಿಸಲು ಹಳಿಯೇ ಉಳಿದಿಲ್ಲ. ಅದನ್ನು ಮತ್ತೆ ಓಡಿಸಿ ತೋರಿಸಬಹುದಾದರೆ ಇಂಥ ಹಲಗೆಯ ಮೇಲಷ್ಟೇ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಜಗತ್ತಿನಲ್ಲಿ ಹೆಚ್ಚು ರೂಢಿಯಲ್ಲಿರುವ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಇಷ್ಟನ್ನೂ ಕಟ್ಟಿದರೆ ಉದ್ದ 632 ಮೀಟರಾಗುತ್ತದೆ, ನಾಲ್ಕಡಿಯ ಹಲಗೆಗಳೇ ಐನೂರಕ್ಕೂ ಮೇಲೆ ಬೇಕು. ಘಟ್ಟ ಸುಮಾರು 800 ಮೀಟರ್ ಇಳಿಯುವುದರಿಂದ ಮಾದರಿಯ ಒಂದು ತುದಿ ಮೂರಂತಸ್ತಿನ ಮನೆಯಷ್ಟು ಎತ್ತರದಲ್ಲಿರಬೇಕು. ಆದ್ದರಿಂದ ಆರಿಸುವುದು ಅನಿವಾರ್ಯ: ಒಂದು ಸುರಂಗದ ಬಾಯಿ, ಒಂದು ಸೇತುವೆ, ಒಂದು ಒಂಟಿ ನಿಲ್ದಾಣ. ಇಳಿಜಾರು 50ಕ್ಕೆ ಒಂದು ಇರುವಲ್ಲಿ ಪ್ರತಿ ಹಲಗೆಗೂ ಹಳಿ ಎರಡೂವರೆ ಸೆಂಟಿಮೀಟರಿನಷ್ಟು ಏರುತ್ತದೆ. ಹತ್ತು ಡಬ್ಬಿಯ ರೈಲು ಎರಡು ಮೀಟರಿಗಿಂತ ಉದ್ದವಾದ್ದರಿಂದ ಒಂದಾದರೂ ಸಂದಿಯ ಮೇಲೆ ನಿಂತೇ ಇರುತ್ತದೆ.

ಇನ್ನೊಂದು ಪೇಚಿದೆ. ಅಂಗಡಿಯಲ್ಲಿ ಸಿಗುವ ಈ ಅಳತೆಯ ಹಳಿಯ ಅಗಲ 16.5 ಮಿಲಿಮೀಟರ್. ಅದು ಯುರೋಪ್, ಅಮೆರಿಕಗಳ 1435 ಮಿಲಿಮೀಟರಿನ ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1676. ಅದಕ್ಕೆ 19.3 ಮಿಲಿಮೀಟರ್ ಬೇಕು, ಮೀಟರ್‌ಗೇಜಿಗೆ 11.5. ಮೀಟರ್‌ಗೇಜಿಗಾದರೆ 12 ಮಿಲಿಮೀಟರಿನ ಹಳಿ ಹೊಂದುತ್ತದೆ, ಬ್ರಾಡ್‌ಗೇಜನ್ನು ಕೈಯಾರೆ ಹಾಸಬೇಕು, ಇಲ್ಲವೇ ಕಣ್ಣುಮುಚ್ಚಿ ಕೊಂಡ ಹಳಿಗೇ ಒಪ್ಪಬೇಕು. ಇಂಗ್ಲಿಷರೂ ಹೀಗೆ ಒಪ್ಪಿಕೊಂಡವರೇ: ಅವರ ಜನಪ್ರಿಯ ಅಳತೆಗೆ ಹಳಿ ಎರಡು ಮಿಲಿಮೀಟರಿಗೂ ಹೆಚ್ಚು ಕಿರಿದು. ಡೆನ್ನಿಯಂಥ ಹಟಮಾರಿಗಳು 18 ಮಿಲಿಮೀಟರಿನ ಹಳಿ ಹಾಸಿ ಸತ್ಯಕ್ಕೆ ಸ್ವಲ್ಪ ಹತ್ತಿರ ಹೋದರು.

ಇದೆಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಹವೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಮರ ಉಸಿರಾಡುತ್ತದೆ. ಆಷಾಢದಲ್ಲಿ ಉಬ್ಬಿದ ಚೌಕಟ್ಟು ಮಾಘದಲ್ಲಿ ಕುಗ್ಗುತ್ತದೆ. ಲೋಹದ ಹಳಿ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಹಲಗೆ ಕುಗ್ಗಿದಾಗ ಹಳಿ ಡೊಂಕಾಗುತ್ತದೆ. ಮೀನಿನ ದೋಣಿಗೆ ಬಳಸುವ ಜಾತಿಯ ಮೆರೈನ್ ಪ್ಲೈವುಡ್ ತಂದು, ಆರು ಮುಖಕ್ಕೂ ವಾರ್ನಿಷ್ ಬಳಿದರೆ ಕಾಟ ತಗ್ಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಅಡಿಭಾಗವನ್ನು ಮರೆಯುತ್ತಾರೆ, ಗೆದ್ದಲು ಮರೆಯುವುದಿಲ್ಲ. ಹಿತ್ತಾಳೆಯ ಹಳಿಗೆ ಕಡಲ ಗಾಳಿಯಲ್ಲಿ ಬೇಗ ಕಿಲುಬು ಹಿಡಿದು ವಿದ್ಯುತ್ತು ಹರಿಯದು. ನಿಕ್ಕಲ್ ಬೆರೆತ ಬಿಳಿಲೋಹದ ಹಳಿ ಲೇಸು. ಗುಡ್ಡವನ್ನು ಪ್ಲಾಸ್ಟರಿನಲ್ಲಿ ಮಾಡಿದರೆ ಭಾರ, ಏಟು ಬಿದ್ದರೆ ಚಕ್ಕೆ ಏಳುತ್ತದೆ. ಥರ್ಮೊಕೋಲಿನ ಪದರ ಕೊರೆದು ಅಂಟಿಸಿದರೆ ಹಗುರ. ಮೇಲೆ ಜಂಬಿಟ್ಟಿಗೆಯ ಪುಡಿ ಎರಚಿದರೆ ಬಣ್ಣ ಕೊಳ್ಳುವ ಅಗತ್ಯವೇ ಇಲ್ಲ.

ಸಭಾಭವನಕ್ಕೆ ಬಂದ ಮೇಲೆ ಮೊದಲ ಕೆಲಸ ಕಾಲು ಮಟ್ಟ ಮಾಡುವುದು. ನೆಲ ಎಷ್ಟು ಡೊಂಕೆಂದು ಅಂದೇ ತಿಳಿಯುವುದು. ಆಮೇಲೆ ಗೂಟ, ಬೋಲ್ಟು, ಹಲಗೆಯಿಂದ ಹಲಗೆಗೆ ಬಣ್ಣ ಬಣ್ಣದ ತಂತಿಯ ಪ್ಲಗ್ಗು, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರೆಸುವುದು. ರೈಲಿಗೆ ಬೇಕಾದದ್ದು ಬರೀ 12 ವೋಲ್ಟ್, ಆದರೆ ಕರೆಂಟಿನ ಏರಿಳಿತಕ್ಕೆ ಸ್ಟೆಬಿಲೈಸರು ಜೊತೆಗಿರಬೇಕು. ಲೇಔಟಿನ ಒಂದು ತುದಿಯಲ್ಲಿ ಪರದೆಯ ಹಿಂದೆ ಯಾರ್ಡು ಇರುತ್ತದೆ. ಅಲ್ಲಿ ಸಾಲಾಗಿ ನಿಂತ ರೈಲುಗಳು ಒಂದೊಂದೇ ಸರದಿಯಂತೆ ಹೊರಬಂದು ಒಳಹೋಗುತ್ತವೆ. ಅದನ್ನು ಚೌಕಿ ಎಂದರೆ ನಮ್ಮವರಿಗೆ ಕೂಡಲೇ ಅರ್ಥವಾದೀತು. ಎತ್ತರದ ಬಗ್ಗೆ ಇಂದಿಗೂ ಜಗಳವಿದೆ. ಎದೆಯ ಮಟ್ಟಕ್ಕಿಟ್ಟರೆ ದೊಡ್ಡವರ ಕಣ್ಣಿಗೆ ನಿಜವಾದ ರೈಲಿನಂತೆ ಕಾಣುತ್ತದೆ, ಮಕ್ಕಳಿಗೆ ಕಾಣುವುದು ಹಲಗೆಯ ಅಡಿ. ದೊಡ್ಡವರು ಬಗ್ಗಿ ನೋಡಲಿ, ಮಕ್ಕಳ ಮಟ್ಟಕ್ಕೇ ಇಡಬೇಕೆಂದು ನನ್ನ ಮತ. ಹಗ್ಗವೊಂದನ್ನು ಮಾತ್ರ ಮೊಳ ದೂರದಲ್ಲಿ ಕಟ್ಟದೆ ವಿಧಿಯಿಲ್ಲ.

ಕಾಲ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಇರಲಿ. ಆಟ ಮುಗಿದ ರಾತ್ರಿಯೇ ಎಲ್ಲ ಬಿಚ್ಚಬೇಕು. ಆಗ ಕೈ ಸೋತಿರುತ್ತದೆ, ಭವನದ ಕಾವಲುಗಾರ ಬೀಗ ಹಿಡಿದು ನಿಂತಿರುತ್ತಾನೆ, ಹೆಚ್ಚಿನ ಹಾನಿಯಾಗುವುದು ಆ ಒಂದು ಗಂಟೆಯಲ್ಲೇ. ಆದ್ದರಿಂದ ಬಲ್ಲವರು ಹಲಗೆಗಳ ಬೆನ್ನಿಗೆ ದಪ್ಪ ಅಂಕಿಗಳನ್ನು ಬರೆದಿಟ್ಟಿರುತ್ತಾರೆ, ಲಾರಿಗೆ ಕೊನೆಗೆ ಹತ್ತಬೇಕಾದದ್ದು ಮುಂದಿನ ಊರಿನಲ್ಲಿ ಮೊದಲು ಇಳಿಯಬೇಕಾದ ಹಲಗೆ. ಬೆಳಿಗ್ಗೆ ಎಣಿಸಿದ ಬೋಲ್ಟುಗಳನ್ನು ರಾತ್ರಿ ಮತ್ತೊಮ್ಮೆ ಎಣಿಸಿ ಡಬ್ಬಿಗೆ ಹಾಕುತ್ತಾರೆ.