ಹಿರಿಯ ನಾಯಿಗಳ ನಡುವೆ ಮರಿ ಸಾಕಣೆ

ಒಂದೋ ಹಲವೋ ವಯಸ್ಕ ನಾಯಿಗಳು ಮೊದಲೇ ನೆಲೆಗೊಂಡಿರುವ ಮನೆಗೆ, ಹೊಲಮನೆಗೆ ಅಥವಾ ಕುರಿಹಟ್ಟಿಗೆ ಎಳೆಯ ಮರಿಯೊಂದನ್ನು ತಂದು, ಆ ಹಿರಿಯ ನಾಯಿಗಳ ಸಹವಾಸದಲ್ಲಿಯೇ ಅದನ್ನು ಬೆಳೆಸಿ ಪಳಗಿಸುವ ಕ್ರಮ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ಹಾಗೂ ಅದರ ಸುತ್ತಣ ಎರೆಭೂಮಿಯ ಊರುಗಳಲ್ಲಿ, ಕಣದಲ್ಲಿ ರಾಶಿ ಕಾಯುವುದಕ್ಕೂ ಹಿತ್ತಲಿನಲ್ಲಿ ದನಕರುಗಳಿಗೆ ಎಚ್ಚರವಾಗಿರುವುದಕ್ಕೂ ಹಿಂಡಿನ ಹಿಂದೆ ನಡೆಯುವುದಕ್ಕೂ ನಾಯಿ ಬೇಕಾಗಿರುವುದರಿಂದ, ಹಳೆಯ ನಾಯಿ ಇರುವಾಗಲೇ ಹೊಸ ಮರಿಯನ್ನು ಜೊತೆಗೂಡಿಸುವುದು ಗೃಹಕೃತ್ಯದ ಒಂದು ಅಂಗವಾಗಿದೆ. ಈ ಸಾಕಣೆಯಲ್ಲಿ ಮರಿಯ ಶಿಕ್ಷಣದ ಬಹುಭಾಗವು ಹಿರಿಯ ನಾಯಿಯಿಂದಲೇ ನಡೆಯತಕ್ಕದ್ದಾಗಿದ್ದು, ಆ ಶಿಕ್ಷಣಕ್ಕೆ ಎಡೆಮಾಡಿಕೊಟ್ಟು, ಕಲಿಸುವ ಮತ್ತು ಕಲಿಯುವ ಎರಡು ಜೀವಗಳ ದೇಹಕ್ಷೇಮವನ್ನೂ ನೋಡಿಕೊಳ್ಳುವುದು ಸಾಕುವವನ ಪಾಲಿನ ಕೆಲಸವಾಗುತ್ತದೆ.

ಹೆಸರು

ನಾಯಿಯ ಮರಿಗೆ ಕನ್ನಡದಲ್ಲಿ ಬಹುಪ್ರಾಚೀನವಾಗಿ ಬಂದಿರುವ ಹೆಸರು 'ಕುನ್ನಿ'. ಶಿವಶರಣರು ತಮ್ಮನ್ನು ದೇವರ ಮನೆಯ ಕುನ್ನಿಗಳೆಂದು ಕರೆದುಕೊಂಡಾಗ ಈ ಮಾತಿಗೆ ವಿನಯದ ಅರ್ಥವೂ ಸೇರಿತು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ನಾಯಿಕುನ್ನಿ' ಎಂಬ ರೂಪ ಇಂದಿಗೂ ಜೀವಂತವಾಗಿದೆ. ಈ ಸೀಮೆಯ ಹಾಲುಮತದವರು ಭಕ್ತಿಯಿಂದ ನಡೆದುಕೊಳ್ಳುವ ಮೈಲಾರಲಿಂಗನ ಗೊರವರು, ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಮೊದಲಾದ ಕ್ಷೇತ್ರಗಳ ಪರಂಪರೆಯಂತೆ, ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ, ದೋಣಿಯೆಂಬ ಪಾತ್ರೆಯಲ್ಲಿ ಎರೆದ ಹಾಲು ಅನ್ನಗಳನ್ನು ಬಾಯಿಂದಲೇ ಸ್ವೀಕರಿಸುವ ಸೇವೆಯನ್ನು ನಡೆಸುತ್ತಾರೆ.

ಚಾರಿತ್ರಿಕ ಹಿನ್ನೆಲೆ

ಎಳೆಯ ನಾಯಿಯ ಶುಶ್ರೂಷೆಗೆ ದೊರೆತಿರುವ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಒಂದು, ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಬೆಳಕಿಗೆ ಬಂದ, ಸುಮಾರು 14,000 ವರ್ಷಗಳ ಹಿಂದಿನ ಸಮಾಧಿ. ಅಲ್ಲಿ ಸ್ತ್ರೀಪುರುಷರಿಬ್ಬರ ಅಸ್ಥಿಗಳೊಡನೆ ಸುಮಾರು ಏಳು ತಿಂಗಳ ನಾಯಿಯೊಂದರ ಅಸ್ಥಿಗಳು ದೊರೆತವು. ಅದರ ಹಲ್ಲುಗಳಲ್ಲಿ ಡಿಸ್ಟೆಂಪರ್ ರೋಗದ ಗುರುತುಗಳಿರುವುದರಿಂದ, ಮನುಷ್ಯರ ಆರೈಕೆಯಿಲ್ಲದೆ ಅದು ಅಷ್ಟು ದಿನ ಬದುಕಿರಲಾರದೆಂದು ಪಂಡಿತರು ಊಹಿಸಿದ್ದಾರೆ. ಅದೇ ಸಮಾಧಿಯಲ್ಲಿ ಅದಕ್ಕಿಂತ ಹಿರಿಯದಾದ ಇನ್ನೊಂದು ನಾಯಿಯ ದವಡೆಹಲ್ಲು ಸಹ ದೊರೆತಿದೆ.

ಕನ್ನಡನಾಡಿನ ಮಟ್ಟಿಗೆ ನಾಯಿಯ ಗೌರವಕ್ಕೆ ಪ್ರಸಿದ್ಧ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಗಂಗರ ಇಮ್ಮಡಿ ಬೂತುಗನು ಮಣಲೇರನೆಂಬ ವೀರನಿಗೆ, ಅವನು ಬೇಡಿಕೊಂಡಂತೆ, ಕಾಳಿ ಎಂಬ ಬೇಟೆನಾಯಿಯನ್ನು ಕೊಟ್ಟನೆಂದೂ, ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಮಡಿದುವೆಂದೂ, ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಟ್ಟರೆಂದೂ ಕ್ರಿ.ಶ. 949-50ರ ಈ ಶಾಸನ ತಿಳಿಸುತ್ತದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬೂತುಗನಿಗೆ ಮೆಚ್ಚಿಕೊಟ್ಟ ನಾಡುಗಳಲ್ಲಿ ಬೆಳ್ವೊಲ ಮುನ್ನೂರರೊಡನೆ ಪುರಿಗೆರೆ ಮುನ್ನೂರೂ ಸೇರಿತ್ತೆಂದು ಅದೇ ಶಾಸನದಿಂದ ತಿಳಿದುಬರುತ್ತದೆ. ಆ ಪುರಿಗೆರೆಯೇ ಇಂದಿನ ಲಕ್ಷ್ಮೇಶ್ವರವಾದುದರಿಂದ, ಕಾಳಿಯ ಕಲ್ಲನ್ನು ನೆಟ್ಟದ್ದು ದೂರದ ಆತಕೂರಿನಲ್ಲಾದರೂ ಶಿಗ್ಲಿಯ ಸೀಮೆಯ ಇತಿಹಾಸವೂ ಅದರ ಮೇಲೆಯೇ ಕೆತ್ತಲ್ಪಟ್ಟಿದೆ.

ಮರಿಯ ಬೆಳವಣಿಗೆಯ ಘಟ್ಟಗಳು

ಸುಮಾರು 63 ದಿನಗಳ ಗರ್ಭವಾಸದ ಬಳಿಕ ಹುಟ್ಟುವ ಕುನ್ನಿಗೆ ಕಣ್ಣು ಕಿವಿಗಳೆರಡೂ ಮುಚ್ಚಿರುತ್ತವೆ. ಎರಡನೆಯ ವಾರದಲ್ಲಿ ಕಣ್ಣು ತೆರೆದು, ಮೂರನೆಯ ವಾರದ ಹೊತ್ತಿಗೆ ಕಿವಿ ಕೇಳತೊಡಗಿದ ಮೇಲೆ, ಮರಿಗೆ ತನ್ನಿಂದ ಬೇರೆಯಾದ ಲೋಕವೊಂದುಂಟೆಂಬ ಅರಿವು ಮೂಡುತ್ತದೆ. ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿ ದೀರ್ಘಕಾಲ ಪ್ರಯೋಗ ನಡೆಸಿ 1965ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯೇ ಮರಿಯ ಸಾಮಾಜಿಕ ಸ್ವಭಾವವು ರೂಪುಗೊಳ್ಳುವ ಸೂಕ್ಷ್ಮಕಾಲವೆಂದು ತೋರಿಸಿಕೊಟ್ಟರು. ಈ ಕಾಲದಲ್ಲಿ ಯಾರೊಡನೆ ಒಡನಾಡುವುದೋ ಅವರನ್ನು, ಮನುಷ್ಯರಾಗಲಿ ನಾಯಿಗಳಾಗಲಿ ಕುರಿಗಳಾಗಲಿ, ಮರಿಯು ತನ್ನವರೆಂದು ಜೀವಮಾನವಿಡೀ ಬಗೆಯುತ್ತದೆ.

ಆದುದರಿಂದ ಮರಿಯನ್ನು ತಾಯಿಯಿಂದ ಎಂಟು ವಾರಗಳಿಗೆ ಮುನ್ನ ಅಗಲಿಸುವುದು ಯುಕ್ತವಲ್ಲ. ಅಷ್ಟರೊಳಗೆ ಒಡಹುಟ್ಟಿದವುಗಳೊಡನೆ ಕಚ್ಚಾಡಿ, ಹಲ್ಲನ್ನು ಎಷ್ಟು ಊರಿದರೆ ಆಟ ನಿಲ್ಲುವುದೆಂಬ ಮೊದಲ ಪಾಠವನ್ನು ಅದು ಕಲಿತಿರುತ್ತದೆ.

ಮೊದಲ ಭೇಟಿ

ಹೊಸಿಲು, ಅಂಗಳ, ಉಣ್ಣುವ ಬಟ್ಟಲು, ಯಜಮಾನನ ಕಾಲ ಬಳಿಯ ಜಾಗ, ಇವೆಲ್ಲವೂ ತನ್ನವೆಂದು ತಿಳಿದಿರುವ ಹಿರಿಯ ನಾಯಿಯ ಕಣ್ಣೆದುರಿಗೆ ಅಪರಿಚಿತ ಮರಿಯನ್ನು ನೇರವಾಗಿ ಪಡಸಾಲೆಗೆ ತಂದಿಳಿಸುವುದು ಜಗಳಕ್ಕೆ ಆಹ್ವಾನವಿತ್ತಂತೆ. ಮರಿ ಮಲಗಿದ ಗೋಣಿತಾಟನ್ನು ಒಂದೆರಡು ದಿನ ಮೊದಲೇ ತಂದು ಹಿರಿಯ ನಾಯಿಗೆ ಮೂಸಲು ಕೊಟ್ಟರೆ, ಪರಿಚಯದ ಅರ್ಧ ಕೆಲಸ ಮೂಗಿನಿಂದಲೇ ಮುಗಿದಿರುತ್ತದೆ. ಅನಂತರ ಎರಡಕ್ಕೂ ಸ್ವಂತವಲ್ಲದ ಬಯಲಿನಲ್ಲಿ, ಹಗ್ಗವನ್ನು ಸಡಿಲವಾಗಿ ಹಿಡಿದು, ಹಲವು ನಾಯಿಗಳಿದ್ದಲ್ಲಿ ಅತ್ಯಂತ ಶಾಂತ ಸ್ವಭಾವದ್ದನ್ನೇ ಮೊದಲು ಕರೆತಂದು, ಒಂದೊಂದಾಗಿ ಭೇಟಿ ಮಾಡಿಸತಕ್ಕದ್ದು. ಹಗ್ಗವನ್ನು ಬಿಗಿದೆಳೆದರೆ ಹಿಡಿದವನ ಅಳುಕು ಅದರ ಮೂಲಕ ನಾಯಿಗೂ ತಿಳಿಯುತ್ತದೆ. ಲಸಿಕೆ ಪೂರ್ಣವಾಗದ ಮರಿಯನ್ನು ಓಣಿನಾಯಿಗಳು ತಿರುಗಾಡುವ ನೆಲದಲ್ಲಿ ಬಿಡಬಾರದಾದುದರಿಂದ, ಬಯಲಿಗೆ ಪ್ರತಿಯಾಗಿ ನೆರೆಯವರ ಶುಚಿಯಾದ ಹಿತ್ತಲನ್ನೋ, ಬೇರೆ ನಾಯಿಗಳು ಸುಳಿಯದ ಸ್ವಂತ ಹೊಲವನ್ನೋ ಆರಿಸಿಕೊಳ್ಳಬಹುದು.

ಮುಧೋಳ ತಳಿಯಂಥ, ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಹಿಡಿಯುವ ನಾಯಿಗಳಿರುವ ಮನೆಯಲ್ಲಿ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾಗಿ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಸ್ಥಾನ ಪಡೆದು, ಮುಂದೆ ಸೈನ್ಯದ ತರಬೇತಿಗೂ ಆಯ್ಕೆಯಾದ ಈ ತಳಿಗೆ, ಕಿರಿದಾದ ಪ್ರಾಣಿ ಕಿರುಚುತ್ತಾ ಓಡತೊಡಗಿದೊಡನೆಯೇ ಬೆನ್ನಟ್ಟುವ ಪ್ರವೃತ್ತಿ ರಕ್ತಗತವಾಗಿದೆ. ದ್ವೇಷದ ಲೇಶವೂ ಇಲ್ಲದೆಯೇ ಅಂಥ ನಾಯಿ ಓಡುವ ಮರಿಗೆ ಅಪಾಯ ಮಾಡಬಲ್ಲುದು. ಮರಿಯ ಮೈ ಬಲಿಯುವ ತನಕ ಇವುಗಳನ್ನು ಕಾವಲಿಲ್ಲದೆ ಒಟ್ಟಿಗೆ ಬಿಡತಕ್ಕದ್ದಲ್ಲ.

ಹಿರಿಯ ನಾಯಿಯ ಶಿಕ್ಷಣ

ಮುಂಗಾಲುಗಳನ್ನು ನೆಲಕ್ಕೂರಿ ಹಿಂಭಾಗವನ್ನು ಎತ್ತಿ ನಿಂತರೆ ಆಟಕ್ಕೆ ಕರೆ. ಮುಖ ತಿರುಗಿಸಿಕೊಂಡರೆ ಬೇಸರ. ಮೈ ಬಿಗಿದು ನಿಶ್ಚಲವಾಗಿ ನಿಂತರೆ ಎಚ್ಚರಿಕೆ. ತುಟಿಯೆತ್ತಿ ಗುರುಗುಟ್ಟಿದರೆ ಆ ಎಚ್ಚರಿಕೆಯ ಎರಡನೆಯ ಮೆಟ್ಟಿಲು. ಈ ಭಾಷೆಯ ವರ್ಣಮಾಲೆ ಮರಿಗೆ ಹುಟ್ಟಿನಿಂದ ಬಂದಿದ್ದರೂ, ಅದರ ವ್ಯಾಕರಣವನ್ನು ಕಲಿಸುವುದು ಹಿರಿಯ ನಾಯಿ. ಮರಿಯು ಕಿವಿಯನ್ನು ಜಗ್ಗಿದರೆ ಮೊದಲು ಸಹಿಸಿ, ಮತ್ತೆ ಜಗ್ಗಿದರೆ ಗದರಿ, ಮೂರನೆಯ ಸಲ ಗಾಳಿಯಲ್ಲಿ ಹಲ್ಲು ಕಡಿದು, ಗಾಯವಾಗದ ಹಾಗೆ ಮರಿಯನ್ನು ಹಿಂಜರಿಯುವಂತೆ ಮಾಡುವ ಹದವನ್ನು ಯಾವ ಮನುಷ್ಯನೂ ಅಷ್ಟು ನಿಖರವಾಗಿ ಅನುಕರಿಸಲಾರ.

ಇಲ್ಲಿ ಸಾಕುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಗುರುಗುಟ್ಟಿದ ಹಿರಿಯ ನಾಯಿಯನ್ನೇ ಬಡಿಯುವುದು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯಲ್ಲಿ ಈ ಮಟ್ಟಿಗಿನ ಸತ್ಯವಿದೆ: ಕಚ್ಚುವುದನ್ನು ತಪ್ಪಿಸುವುದಕ್ಕಾಗಿಯೇ ನಾಯಿ ಗುರುಗುಟ್ಟುತ್ತದೆ. ಆ ದನಿಯನ್ನು ಪೆಟ್ಟಿನಿಂದ ಅಡಗಿಸಿದರೆ, ಮುಂದೊಂದು ದಿನ ಅದು ಎಚ್ಚರಿಕೆ ಕೊಡದೆಯೇ ಕಚ್ಚುವ ನಾಯಿಯಾದೀತು. ಆದರೆ ಮರಿ ಹಿಂಜರಿದ ಮೇಲೂ ಅಟ್ಟಿಕೊಂಡು ಹೋಗುವ, ಮೂಲೆಗೊತ್ತಿ ನಿಲ್ಲುವ, ರಕ್ತ ಬರುವಂತೆ ಕಚ್ಚುವ ನಾಯಿಯದು ಶಿಕ್ಷಣವಲ್ಲ, ಪೀಡನೆ. ಅಲ್ಲಿ ಕೂಡಲೇ ಬೇರ್ಪಡಿಸಬೇಕು. ಹಾಗೆಯೇ ಹಗಲೆಲ್ಲ ನಾಯಿಗಳೊಡನೆಯೇ ಕಳೆದ ಮರಿ ಮನುಷ್ಯನ ಕರೆಗೆ ಕಿವಿಗೊಡದೆ ಬೆಳೆಯುವ ಸಂಭವವಿರುವುದರಿಂದ, ದಿನಕ್ಕೆ ಒಂದೆರಡು ಬಾರಿಯಾದರೂ ಅದೊಂದನ್ನೇ ಹೊರಗೆ ಕರೆದೊಯ್ದು, ಹೆಸರು ಹಿಡಿದು ಕರೆದರೆ ಬರುವುದನ್ನೂ, ಉಂಡ ಮತ್ತು ಎದ್ದ ಒಡನೆ ಬಯಲಿಗೆ ಹೋಗುವುದನ್ನೂ ರೂಢಿಮಾಡಿಸಬೇಕು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಎಳೆಯತನದಲ್ಲಿ ದೊರೆತ ಸಲಿಗೆ ನಾಲ್ಕೈದು ತಿಂಗಳಿಗೆ ತೀರಿ, ಒಂದೂವರೆಯಿಂದ ಮೂರು ವರ್ಷಗಳೊಳಗೆ ಮರಿ ಪ್ರಾಯಕ್ಕೆ ಬಂದಾಗ, ಅದುವರೆಗೆ ಶಾಂತವಾಗಿದ್ದ ಮನೆಯಲ್ಲಿಯೂ ಕದನ ತಲೆದೋರುವುದುಂಟು. ಒಂದೇ ಲಿಂಗದ ಎರಡು ನಾಯಿಗಳ ನಡುವೆ ಇದು ಹೆಚ್ಚು.

ಆಹಾರ ಮತ್ತು ನೆಲೆ

ಬಟ್ಟಲು ಬೇರೆ, ಉಣ್ಣುವ ಜಾಗ ಬೇರೆ ಎಂಬುದು ಇಲ್ಲಿಯ ಮೊದಲ ನಿಯಮ. ಮರಿಗೆ ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಬಾರಿ ಉಣಿಸಬೇಕಾಗಿದ್ದು, ವಯಸ್ಕ ನಾಯಿಗೆ ಎರಡು ಹೊತ್ತಿನ ಊಟ ಸಾಕಾಗುವುದರಿಂದ, ಮರಿಯ ನಡುಹೊತ್ತಿನ ಊಟವನ್ನು ಹಿರಿಯದರ ಕಣ್ಣಿಗೆ ಮರೆಯಾಗಿ ಇಡುವುದು ಒಳಿತು. ಮಜ್ಜಿಗೆಯಲ್ಲಿ ಕಿವುಚಿದ ಜೋಳದ ರೊಟ್ಟಿಯ ಮೇಲೆ ವಯಸ್ಕ ನಾಯಿ ಹೇಗೋ ಕಾಲ ತಳ್ಳೀತು. ಬೆಳೆಯುವ ಮರಿಗೆ ಮೊಟ್ಟೆ, ಮಾಂಸ ಮೊದಲಾದ ಪುಷ್ಟಿಕರ ಪದಾರ್ಥಗಳಿಲ್ಲದಿದ್ದರೆ ಮೂಳೆ ಸ್ನಾಯುಗಳು ಬಲಿಯಲಾರವು. ಈ ಸೀಮೆಯ ಹೊಲಗಳಲ್ಲಿ ಹೇರಳವಾಗಿ ಬೆಳೆಯುವ ಉಳ್ಳಾಗಡ್ಡಿ ನಾಯಿಯ ರಕ್ತದ ಕೆಂಪುಕಣಗಳನ್ನು ನಾಶಮಾಡುವಂಥದಾದುದರಿಂದ, ಉಳ್ಳಾಗಡ್ಡಿ ಬೆರೆತ ಪಲ್ಯ ಸಾರುಗಳನ್ನು ಯಾವ ನಾಯಿಗೂ ಹಾಕತಕ್ಕದ್ದಲ್ಲ.

ಮೂರು ನಾಲ್ಕನೆಯ ತಿಂಗಳಿನಿಂದ ಏಳನೆಯ ತಿಂಗಳೊಳಗೆ 28 ಹಾಲುಹಲ್ಲುಗಳು ಉದುರಿ 42 ಶಾಶ್ವತ ಹಲ್ಲುಗಳು ಮೂಡುವ ಕಾಲದಲ್ಲಿ, ಮರಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಮಗ್ಗಗಳಿರುವ ಶಿಗ್ಲಿಯ ಮನೆಗಳಲ್ಲಿ ಇದು ಬರಿಯ ನಷ್ಟದ ಮಾತಾಗಿ ಮುಗಿಯುವುದಿಲ್ಲ. ನುಂಗಿದ ನೂಲಿನ ಎಳೆ ಕರುಳನ್ನು ನೆರಿಗೆಗಟ್ಟಿಸಿ ಕತ್ತರಿಸುವಷ್ಟು ಘಾತಕವಾಗಬಲ್ಲುದು. ಕಂಡಿಕೆ, ಲಾಳಿಗಳಿರುವ ಕೋಣೆಯ ಬಾಗಿಲನ್ನು ಈ ತಿಂಗಳುಗಳಲ್ಲಿ ಮುಚ್ಚಿಡತಕ್ಕದ್ದು.

ಆರೋಗ್ಯ

ಹೊಸ ಮರಿಯೊಡನೆ ರೋಗವೂ ಮನೆಗೆ ಬರಬಹುದು. ಮನೆಯ ನಾಯಿಗಳಿಂದ ಮರಿಗೂ ಅಂಟಬಹುದು. ಹಿರಿಯ ನಾಯಿಗಳ ಲಸಿಕೆಗಳು ಕಾಲಕಾಲಕ್ಕೆ ಆಗಿರುವುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕಾದುದು ಇದರಿಂದಲೇ. 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ಪಾರ್ವೊ ಎಂಬ ವಾಂತಿಭೇದಿಯ ವ್ಯಾಧಿಯೂ ಡಿಸ್ಟೆಂಪರೂ ಮರಿಗಳ ಪ್ರಬಲ ಶತ್ರುಗಳು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯು ಕೆಲವು ವಾರ ಲಸಿಕೆಯ ಕಾರ್ಯಕ್ಕೂ ಅಡ್ಡಿಯಾಗುವುದರಿಂದ, ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರನೆಯ ವಾರದವರೆಗೆ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಬೇಕಾಗುತ್ತದೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸುವುದು ವಾಡಿಕೆ. ಜಂತುಹುಳುಗಳು ಗರ್ಭದಲ್ಲಿಯೇ ತಾಯಿಯಿಂದ ಮರಿಗೆ ಸೇರುವುದರಿಂದ, ಎರಡನೆಯ ವಾರದಿಂದಲೇ ಜಂತಿನ ಔಷಧವನ್ನು ಕೊಡಬೇಕು. ದನದ ಕೊಟ್ಟಿಗೆಯ ಬಳಿ ಮಲಗುವ ನಾಯಿಗಳ ಮೈಮೇಲಿನ ಉಣ್ಣಿಗಳನ್ನು ಮರಿ ಬರುವ ಮುನ್ನವೇ ನಿವಾರಿಸತಕ್ಕದ್ದು.

ನಾಯಿಗಳ ಜಗಳ ಬಿಡಿಸುವಾಗ ಮನುಷ್ಯನಿಗೆ ಹಲ್ಲು ತಾಗಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಮೊದಲಾದವುಗಳನ್ನು ಮೆತ್ತುವುದು ಹಾನಿಕರ.

ಕುರಿಹಿಂಡಿನಲ್ಲಿ ಮರಿ

ಈ ಸಾಕಣೆಯ ಪ್ರಯೋಜನವು ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು ಕುರಿಗಾರರಲ್ಲಿ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿಸಿಕೊಂಡ ಒಕ್ಕಲಿಗನು ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಡುವ ಪದ್ಧತಿ ಬಯಲುಸೀಮೆಯಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಬಲೆಯ ದೊಡ್ಡಿಯ ಸುತ್ತ ರಾತ್ರಿಯೆಲ್ಲ ಎಚ್ಚರವಾಗಿರುವ ಕೆಲಸ ನಾಯಿಗಳದು. ಗದಗ ಕೊಪ್ಪಳಗಳ ಕುರುಚಲು ಬಯಲುಗಳಲ್ಲಿ ತೋಳಗಳು ಇಂದಿಗೂ ಇರುವುದರಿಂದ ಈ ಕಾವಲು ಆಲಂಕಾರಿಕವಲ್ಲ; ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅವುಗಳಿಗೆಂದೇ ವನ್ಯಧಾಮವೊಂದು ಏರ್ಪಟ್ಟಿರುವುದರಿಂದಲೂ ಇದು ವಿದಿತ.

ಸೂಕ್ಷ್ಮಕಾಲದಲ್ಲಿಯೇ ಕುರಿಮರಿಗಳ ನಡುವೆ ಮಲಗಿ ಎದ್ದ ಕುನ್ನಿಗೆ ಹಿಂಡು ತನ್ನ ಬಳಗವೆಂಬ ಭಾವ ಬೇರೂರುತ್ತದೆ. ಆದರೆ ಯಾವ ಸದ್ದಿಗೆ ಬೊಗಳಬೇಕು, ಯಾವುದನ್ನು ಲೆಕ್ಕಿಸಬಾರದು, ಹಿಂಡಿನಿಂದ ಎಷ್ಟು ದೂರ ಅಟ್ಟಿ ಮರಳಬೇಕೆಂಬುದು ಹಿರಿಯ ನಾಯಿಯ ಜೊತೆ ಓಡಿಯೇ ತಿಳಿಯತಕ್ಕದ್ದು. ಪ್ರಾಯದ ಮರಿ ಆಟಕ್ಕೆಂದು ಕುರಿಯ ಕಿವಿಯನ್ನೋ ಉಣ್ಣೆಯನ್ನೋ ಜಗ್ಗುವ ದುರಭ್ಯಾಸಕ್ಕೆ ಮಾತ್ರ ಹಿರಿಯ ನಾಯಿಯನ್ನು ನಂಬಿ ಕೂಡಲಾಗದು. ಅದನ್ನು ತಡೆಯಬೇಕಾದವನು ಕುರಿಗಾರನೇ.

ವೃದ್ಧ ನಾಯಿಯ ಪಾಲು

ಕೀಲುಗಳು ನೋಯುವ, ಕಿವಿ ಮಂದವಾದ ನಾಯಿಗೆ ಮರಿಯ ಉತ್ಸಾಹವೇ ಹಿಂಸೆಯಾಗಬಹುದು. ಕೇಳಿಸದ ನಾಯಿಯ ಮೇಲೆ ಮರಿ ಹಿಂದಿನಿಂದ ಹಾರಿದರೆ ಅದು ಬೆಚ್ಚಿ ಕಚ್ಚುವುದು ಸಹಜ. ಮರಿ ಹತ್ತಲಾಗದ ಕಟ್ಟೆಯ ಮೇಲೆ ಅದಕ್ಕೊಂದು ಗೋಣಿತಾಟಿನ ಹಾಸಿಗೆ ಇರಬೇಕು. ಊಟ, ಮೈದಡವಿಕೆ, ಹೊಲಕ್ಕೆ ಹೊರಡುವಾಗಿನ ಕರೆ, ಎಲ್ಲದರಲ್ಲಿಯೂ ಮೊದಲ ಸರದಿ ಅದರದೇ ಆಗಿರಬೇಕು. ದಿನದಲ್ಲಿ ಹದಿನೆಂಟು ಗಂಟೆಗಳಷ್ಟು ನಿದ್ರಿಸುವ ಮರಿಯನ್ನು ಆ ಹೊತ್ತಿನಲ್ಲಿ ಬೇರೆಡೆ ಮಲಗಿಸಿದರೆ ಹಿರಿಯದಕ್ಕೂ ವಿಶ್ರಾಂತಿ ದೊರೆಯುತ್ತದೆ.

ಈ ಕಾರಣಗಳಿಂದ, ಹಳೆಯ ನಾಯಿ ತೀರಿಕೊಂಡ ಮೇಲೆಯೋ ಹಾಸಿಗೆ ಹಿಡಿದ ಮೇಲೆಯೋ ಮರಿಯನ್ನು ಹುಡುಕುವುದಕ್ಕಿಂತ, ಅದರ ಕಾಲಲ್ಲಿ ಇನ್ನೂ ಕಸುವಿರುವಾಗ, ಕಣವನ್ನು ಅದು ಮರಿಯೊಡನೆ ಒಂದೆರಡು ಸುಗ್ಗಿಯಾದರೂ ಸುತ್ತಿ ಬರಬಲ್ಲ ವಯಸ್ಸಿನಲ್ಲಿಯೇ ತರುವುದು ಲೇಸು. ಮುಂದೆ ಮುದಿನಾಯಿ ಕಟ್ಟೆಯ ಮೇಲೆಯೇ ಉಳಿದುಕೊಂಡರೂ, ಅದು ನಡೆದ ಸುತ್ತಿನಲ್ಲಿಯೇ ಕಿರಿಯದು ರಾತ್ರಿಯ ಕಾವಲು ನಡೆಯುತ್ತಿರುತ್ತದೆ.